ಆರಿದ್ರೆಯಿಂದ ಮಘೆಯವರೆಗೆ ಮನೆಯೊಳಗೆ

ಪುನರ್ವಸು ಮಳೆ ಹಿಡಿದುಕೊಂಡಿತೆಂದರೆ ಅಮ್ಮನ ಮೊಬೈಲಿಗೆ ಸಂಜೆ ಏಳರ ಹೊತ್ತಿಗೆ ಮಾತ್ರ ಫೋನು ಹೋಗುತ್ತದೆ. ಕರೆಂಟು ಹೋಗಿ ಎರಡು ದಿನವೋ ಮೂರು ದಿನವೋ ಆಗಿರುತ್ತದೆ. ಚಾರ್ಜು ಉಳಿಯಲಿ ಎಂದು ಹಗಲಿಡೀ ಆಫ್ ಮಾಡಿಟ್ಟು, ದೇವರ ಮುಂದೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಆನ್ ಮಾಡುತ್ತಾಳೆ. ಅಷ್ಟರಲ್ಲಿ ಟವರು ಇದ್ದರೆ ಮಾತು, ಇಲ್ಲದಿದ್ದರೆ ನಾಳೆಗೆ. ಎರಡು ವರ್ಷದ ಹಿಂದೆ ಅಂಥದ್ದೊಂದು ಸಂಜೆ ಸಿಕ್ಕಳು. ಹೇಗಿದ್ದೀಯೆ ಎಂದೆ. “ತಮಾ, ಇವತ್ತು ಐನೂರು ಆತು” ಎಂದಳು. ಲಕ್ಷಬತ್ತಿಯ ಹರಕೆಗೆ ಹೊಸೆಯುತ್ತಿದ್ದ ಬತ್ತಿಯ ಲೆಕ್ಕ ಅದು. ಬೇಜಾರು ಬರುವುದಿಲ್ಲವಾ ಎಂದು ಕೇಳಿದ್ದಕ್ಕೆ “ಬೇಜಾರಕ್ಕೆ ಪುರ್ಸೊತ್ತು ಎಲ್ಲಿದ್ದು? ಚಾರ್ಜ್ ಇಲ್ಲೆ, ಇಡ್ತಿ” ಎಂದು ಫೋನಿಟ್ಟಳು.

ನಮ್ಮ ಮನೆ ಸಾಗರ ತಾಲೂಕಿನಲ್ಲಿ, ಘಟ್ಟದ ಅಂಚಿನ ಕಡೆಗೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬಳೇ. ಪಕ್ಕದ ಮನೆ ಅಂದರೆ ತೋಟಕ್ಕಿಳಿದು, ಹಳ್ಳದ ಮೇಲಿನ ಸಂಕ, ಅಂದರೆ ಮರದ ಕಾಲುಸೇತುವೆ, ದಾಟಿ, ಮತ್ತೆ ಏರು ಹತ್ತಬೇಕು. ಜೂನ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಆಕೆ ಅಂಗಳದಾಚೆಯ ದಣಪೆ (ಬೇಲಿಯ ಬಾಗಿಲು) ದಾಟಿ ಹೊರಗೆ ಹೋಗುವುದು ಲೆಕ್ಕ ಹಾಕಿದರೆ ಹತ್ತು ಸಲವೂ ಇರಲಿಕ್ಕಿಲ್ಲ. ಬೆಂಗಳೂರಿನ ಸ್ನೇಹಿತರಿಗೆ ಇದನ್ನು ಹೇಳಿದರೆ ಗಾಬರಿ ಬೀಳುತ್ತಾರೆ. 2020ರಲ್ಲಿ ಮೂರು ವಾರ ಮನೆಯಲ್ಲಿ ಕೂತಿದ್ದಕ್ಕೇ ತಲೆ ಕೆಟ್ಟುಹೋಗಿತ್ತಲ್ಲ, ಇವರು ವರ್ಷಾ ವರ್ಷಾ ಎರಡೆರಡು ತಿಂಗಳು ಹೇಗೆ ಕೂರುತ್ತಾರೆ ಎಂಬುದು ಅವರ ಪ್ರಶ್ನೆ. ಹಳಬರ ಮನಸ್ಸು ಗಟ್ಟಿ ಕಣಯ್ಯ ಎನ್ನುವುದು ಸಾಮಾನ್ಯವಾಗಿ ಸಿಗುವ ಉತ್ತರ.

ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಇದೇ ಗಟ್ಟಿ ಮನಸ್ಸಿನ ಅಮ್ಮ ಲಾಕ್‌ಡೌನಿನ ಏಪ್ರಿಲ್‌ನಲ್ಲಿ, ಬಿಸಿಲು ಚೆನ್ನಾಗಿರುವಾಗಲೇ, ರಾತ್ರಿ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು. ಮನೆ ಅದೇ, ಆಕೆಯೂ ಅವಳೇ. ಬೇರೆಯಾಗಿದ್ದದ್ದು ಏರ್ಪಾಡು. ಮಲೆನಾಡು ಮತ್ತು ಕರಾವಳಿ ತಮ್ಮ ಮಳೆಗಾಲಕ್ಕೆ ತಲೆತಲಾಂತರದಿಂದ ಒಂದು ಏರ್ಪಾಡು ಮಾಡಿಕೊಂಡಿದ್ದವು. ಲಾಕ್‌ಡೌನಿಗೆ ಅದು ಇರಲಿಲ್ಲ. ಈಗ ಮಳೆಗಾಲಕ್ಕೂ ಅದು ಒಂದೊಂದೇ ಆಧಾರದ ಗಳ ಕಳಚಿಕೊಳ್ಳುತ್ತಿದೆ. ಆ ಗಳಗಳು ಯಾವುವು ಎಂದು ನೋಡುವುದು ಇಲ್ಲಿಯ ಕೆಲಸ.

ಕೊನೆ ಗೊತ್ತಿದ್ದ ಮಳೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಇಡೀ ವರ್ಷ ಬೀಳುವಷ್ಟು ನೀರು ಅಲ್ಲಿ ಜುಲೈ ತಿಂಗಳ ಹದಿನೈದಿಪ್ಪತ್ತು ದಿನಕ್ಕೇ ಸುರಿದು ಮುಗಿಯುತ್ತದೆ. ಅಷ್ಟು ನೀರಿನ ನಡುವೆ ಮನೆಯೊಳಗೆ ಕೂತವರು ಹೊತ್ತನ್ನು ಹೇಗೆ ಅಳೆಯುತ್ತಿದ್ದರು ಎನ್ನುವುದರಲ್ಲೇ ಅರ್ಧ ಗುಟ್ಟು ಇದೆ.

ನಮ್ಮಲ್ಲಿ ಯಾರೂ ‘ಜುಲೈ ಹತ್ತು’ ಎನ್ನುವುದಿಲ್ಲ, ‘ಪುನರ್ವಸು ಎರಡನೇ ಪಾದ’ ಎನ್ನುತ್ತಾರೆ. ಸೂರ್ಯ ಒಂದು ನಕ್ಷತ್ರ ದಾಟಲು ಹದಿಮೂರು-ಹದಿನಾಲ್ಕು ದಿನ ಬೇಕು, ಆ ಅವಧಿಯ ಮಳೆಗೆ ಆ ನಕ್ಷತ್ರದ್ದೇ ಹೆಸರು. ಜೂನ್ ಮೊದಲ ವಾರದ ಕೊನೆಗೆ ಮೃಗಶಿರ, ಇಪ್ಪತ್ತೊಂದು-ಇಪ್ಪತ್ತೆರಡಕ್ಕೆ ಆರಿದ್ರೆ, ಜುಲೈ ಮೊದಲ ವಾರಕ್ಕೆ ಪುನರ್ವಸು, ಹತ್ತೊಂಬತ್ತು-ಇಪ್ಪತ್ತಕ್ಕೆ ಪುಷ್ಯ, ಆಗಸ್ಟ್ ಶುರುವಿಗೆ ಆಶ್ಲೇಷ, ಹದಿನಾರು-ಹದಿನೇಳಕ್ಕೆ ಮಘೆ. ಆರಿದ್ರಾ ಮಳೆ ಆರದೆ ಹುಯ್ಯುತ್ತದೆ ಎಂಬ ಗಾದೆ ಇದೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು ಎಂಬುದೂ ಇದೆ. ಹವಾಮಾನ ಇಲಾಖೆಯ ಕಣ್ಣಿನಿಂದ ಇದೆಲ್ಲ ಎಷ್ಟು ನಿಖರವೋ, ಆ ಮಾತು ಬೇರೆ. ಮನೆಯೊಳಗೆ ಕೂತವನಿಗೆ ಮಾತ್ರ ಇದರಿಂದ ಒಂದು ದೊಡ್ಡ ಉಪಕಾರ ಆಗುತ್ತಿತ್ತು. ಎರಡೂವರೆ ತಿಂಗಳ ಕತ್ತಲೆ ಆರು ತುಂಡಾಗುತ್ತಿತ್ತು. ಪ್ರತಿ ತುಂಡಿಗೂ ಒಂದು ಹೆಸರು, ಒಂದು ಗುಣ, ಒಂದು ಕೊನೆ. ಮಳೆ ಎಷ್ಟೇ ಹುಚ್ಚಾಪಟ್ಟೆ ಹೊಯ್ದರೂ ‘ಪುಷ್ಯ ಕಳೆದರೆ ಸಾಕು’ ಎಂದು ಹೇಳಿಕೊಳ್ಳಲು ಬರುತ್ತಿತ್ತು.

ನಡುವೆ ಹೊಳವಾಗುವುದಿತ್ತು. ಮಳೆ ಒಂದೆರಡು ತಾಸು ಬಿಟ್ಟು ಕೊಟ್ಟರೆ ಮಲೆನಾಡಿನವರು ಹೊಳವಾಯ್ತು ಎನ್ನುತ್ತಾರೆ. ಆ ಎರಡು ತಾಸಿನಲ್ಲಿ ಊರಿಗೆ ಊರೇ ಹೊರಗೆ ಬೀಳುತ್ತದೆ. ಅಡಿಕೆಗೆ ಕೊಳೆ ಔಷಧಿ ಹೊಡೆಸಬೇಕು, ಹುಲ್ಲು ತರಬೇಕು, ಕೊಚ್ಚಿಹೋದ ಕಾಲುವೆಯ ಬಾಯಿ ಕಟ್ಟಬೇಕು, ಒಗೆದ ಬಟ್ಟೆಯನ್ನು ಒಂದು ಗಳಿಗೆಯಾದರೂ ಗಾಳಿಗೆ ಹಿಡಿಯಬೇಕು. ಮತ್ತೆ ಮೋಡ ಕವಿದು ಎಲ್ಲರೂ ಒಳಗೆ ಬರುವಾಗ ಮೈ ದಣಿದಿರುತ್ತದೆ, ಹೇಳಲು ಎರಡು ಸುದ್ದಿಯೂ ಇರುತ್ತದೆ.

ಇದನ್ನು 2020ರ ಮಾರ್ಚ್ 24ರ ರಾತ್ರಿಯ ಪಕ್ಕ ಇಟ್ಟು ನೋಡಿ. ರಾತ್ರಿ ಎಂಟಕ್ಕೆ ಘೋಷಣೆ, ನಡುರಾತ್ರಿಯಿಂದಲೇ ಬಾಗಿಲು ಬಂದ್, ಮರುದಿನ ಯುಗಾದಿ. ಬೇವು-ಬೆಲ್ಲಕ್ಕೆ ಬೇವು ತರಲೂ ಅಂಜಿಕೊಂಡು ಹೋದವರಿದ್ದಾರೆ. ಮೊದಲು ಹೇಳಿದ್ದು 21 ದಿನ, ಏಪ್ರಿಲ್ 14ರವರೆಗೆ. ಜನ ಅದನ್ನು ಹೇಗೋ ನುಂಗಿಕೊಂಡರು. ಕ್ಯಾಲೆಂಡರಿನಲ್ಲಿ ಗೀಟು ಎಳೆದವರೂ ಇದ್ದರು. ಆಮೇಲೆ ಮೇ 3, ಆಮೇಲೆ ಮೇ 17, ಆಮೇಲೆ ಮೇ 31. ಗೀಟು ಎಳೆಯುವುದನ್ನು ಜನ ಬಿಟ್ಟರು.

ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಅದಕ್ಕೆ ಒಂದು ತಿಂಗಳ ಮುಂಚೆಯೇ, 2020ರ ಫೆಬ್ರವರಿ ಕೊನೆಗೆ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಬಗ್ಗೆ ಬರೆದಿದ್ದರು. ಸಾರ್ಸ್, ಎಬೋಲಾದಂಥ ರೋಗಗಳ ಕಾಲದಲ್ಲಿ ಕ್ವಾರಂಟೈನ್ ಆದವರ ಮೇಲೆ ನಡೆದಿದ್ದ 24 ಅಧ್ಯಯನಗಳನ್ನು ಒಟ್ಟಿಗೆ ಓದಿ ಹೇಳಿದ ಮಾತು ಅದು. ಜನರನ್ನು ಕುಗ್ಗಿಸುವುದು ಅವಧಿಯ ಉದ್ದ, ಸೋಂಕಿನ ಭಯ, ಬೇಸರ, ಸಾಮಾನು ಸಾಲದಿರುವುದು, ಸರಿಯಾದ ಮಾಹಿತಿ ಸಿಗದಿರುವುದು. ಎಷ್ಟು ದಿನ ಎಂದು ಹೇಳಿದ್ದೀರೋ ಅಷ್ಟಕ್ಕೇ ನಿಲ್ಲಿಸಿ, ಅನಿವಾರ್ಯವಾದ ಹೊರತು ನಡುವೆ ಹಿಗ್ಗಿಸಬೇಡಿ ಎಂಬುದು ಅವರ ಮುಖ್ಯ ಸಲಹೆಗಳಲ್ಲಿ ಒಂದು. ಸೋಂಕಿನ ದೃಷ್ಟಿಯಿಂದ ಹಿಗ್ಗಿಸಬೇಕಿತ್ತೋ ಇಲ್ಲವೋ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಮನಸ್ಸಿನ ಲೆಕ್ಕದಲ್ಲಿ ಮಾತ್ರ, ಕೊನೆ ಗೊತ್ತಿಲ್ಲದ ಮೂರು ವಾರ ಕೊನೆ ಗೊತ್ತಿರುವ ಎರಡು ತಿಂಗಳಿಗಿಂತ ಉದ್ದ.

ಹೊತ್ತು ಉದ್ದವಾಗುವುದು ಬರೀ ಮಾತಿನ ಅಲಂಕಾರವಲ್ಲ. ಬ್ರಿಟನ್ನಿನ ಲಿವರ್‌ಪೂಲ್ ಜಾನ್ ಮೂರ್ಸ್ ವಿಶ್ವವಿದ್ಯಾಲಯದ ರೂತ್ ಒಗ್ಡೆನ್ 2020ರ ಏಪ್ರಿಲ್‌ನಲ್ಲಿ, ಅಲ್ಲಿಯ ಲಾಕ್‌ಡೌನ್ ನಡೆದಿರುವಾಗಲೇ, 604 ಜನರನ್ನು ದಿನ ಹೇಗೆ ಸರಿಯುತ್ತಿದೆ ಎಂದು ಕೇಳಿದರು. ಶೇಕಡ 80ಕ್ಕೂ ಹೆಚ್ಚು ಜನರಿಗೆ ಹೊತ್ತಿನ ನಡಿಗೆಯೇ ಬದಲಾದಂತೆ ಅನ್ನಿಸಿತ್ತು. ಕೆಲವರಿಗೆ ದಿನ ಓಡುತ್ತಿತ್ತು, ಕೆಲವರಿಗೆ ತೆವಳುತ್ತಿತ್ತು. ಯಾರಿಗೆ ತೆವಳುತ್ತಿತ್ತು ಎಂಬುದು ನಮಗೆ ಮುಖ್ಯ. ವಯಸ್ಸಾದವರಿಗೆ, ಒತ್ತಡದಲ್ಲಿದ್ದವರಿಗೆ, ಕೈಯಲ್ಲಿ ಕೆಲಸ ಕಡಿಮೆ ಇದ್ದವರಿಗೆ, ಜನರ ಒಡನಾಟ ಸಾಲದು ಎನ್ನಿಸಿದವರಿಗೆ. ನಮ್ಮೂರ ಹೆಂಚಿನ ಮನೆಗಳಲ್ಲಿ ಇವತ್ತು ಒಬ್ಬೊಬ್ಬರೇ ಇರುವ ಮುದುಕ-ಮುದುಕಿಯರನ್ನು ನೋಡಿಯೇ ಬರೆದ ಪಟ್ಟಿಯ ಹಾಗಿದೆ ಇದು.

ಅಟ್ಟ ತುಂಬಿಸಿದ ಕೈ

ಮಳೆಗಾಲದ ಮನೆವಾಸ ಶುರುವಾಗುವುದು ಜೂನ್‌ನಲ್ಲಲ್ಲ, ಬೇಸಿಗೆಯಲ್ಲಿ. ಸೌದೆ ಒಟ್ಟಬೇಕು. ಹಲಸಿನ ಹಪ್ಪಳ, ಸಂಡಿಗೆ ಒಣಗಿಸಬೇಕು. ಮಾವಿನ ಮಿಡಿ ಉಪ್ಪಿಗೆ ಬೀಳಬೇಕು. ಅಂಗಳದಲ್ಲಿ ಹಾವಸೆ ಕಟ್ಟಿ ಜಾರುವ ಮುಂಚೆ ಓಡಾಡುವ ದಾರಿಗೆ ಅಡಿಕೆ ಸೋಗೆ ಹಾಸಬೇಕು. ಈ ಕೊನೆಯದನ್ನು ಹೊರಗಿನವರು ಗಮನಿಸುವುದಿಲ್ಲ. ಸೋಗೆ ಹಾಸದ ಮನೆಯಲ್ಲಿ ವಯಸ್ಸಾದವರು ಕೊಟ್ಟಿಗೆಗೂ ಹೋಗಲು ಹೆದರುತ್ತಾರೆ. ಒಂದು ಸಲ ಜಾರಿ ಸೊಂಟ ಮುರಿದುಕೊಂಡರೆ ಆಮೇಲಿನ ಬದುಕೆಲ್ಲ ಮಂಚದ ಮೇಲೆ.

ಅಟ್ಟ ತುಂಬಿತ್ತು ಅನ್ನುವಾಗ ಯಾರು ತುಂಬಿಸಿದರು ಎಂದೂ ಕೇಳಬೇಕು. ಮಳೆಗಾಲದ ನೆನಪುಗಳನ್ನು ಗಂಡಸರು ಬರೆದರೆ ಅದರಲ್ಲಿ ಜಗಲಿ, ಕವಳದ ತಬಕು, ಸುಟ್ಟ ಹಲಸಿನ ಬೀಜ, ಹಬೆಯಾಡುವ ಕಷಾಯ ಇರುತ್ತವೆ. ಆ ಕಷಾಯದ ಒಲೆಗೆ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡವಳು ಇರುವುದಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ, ಅದೇ ಕೆಲಸಕ್ಕೆ ಕೈ ಹಾಕುವ ಗಂಡಸು 88 ನಿಮಿಷ. 2019ರಲ್ಲಿ ಈ ಅಂಕಿ 299 ಮತ್ತು 97 ಇತ್ತು. ನಡುವೆ ಒಂದು ಲಾಕ್‌ಡೌನ್ ಬಂದುಹೋಯಿತು. ಗಂಡಸರು ಪಾತ್ರೆ ತೊಳೆಯುವ ಫೋಟೋಗಳು ಆ ದಿನಗಳಲ್ಲಿ ವಾಟ್ಸಾಪಿನ ತುಂಬ ಓಡಾಡಿದವು. ಫೋಟೋ ತೆಗೆದ ಮೇಲೆ ಸೋಪಿನ ಕೈ ಒರೆಸಿಕೊಂಡು ಹೋದವರು ಮರಳಿ ಬರಲಿಲ್ಲ ಎಂದು ಕಾಣುತ್ತದೆ.

ಹಾಗಾಗಿ ‘ಮನೆಯಲ್ಲಿ ಬಹಳ ದಿನ ಇರುವುದು ಹೇಗೆ’ ಎಂಬ ಪ್ರಶ್ನೆಯೇ ಒಂದು ಮಟ್ಟಿಗೆ ಗಂಡಸರ ಪ್ರಶ್ನೆ. ನಮ್ಮ ದೊಡ್ಡಮ್ಮಂದಿರಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ, ಅದೇ ಬದುಕಾಗಿತ್ತು. ಅವರ ಪ್ರಶ್ನೆ ಮನೆಯಿಂದ ಹೊರಗೆ ಹೋಗುವುದು ಹೇಗೆ ಎಂಬುದು. ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು; 2025ರ ಜುಲೈ ಹೊತ್ತಿಗೆ 500 ಕೋಟಿ ಟಿಕೆಟ್ ದಾಟಿತು. ಧರ್ಮಸ್ಥಳಕ್ಕೆ ಹೋದರು, ಸುಮ್ಮನೆ ತಿರುಗುತ್ತಾರೆ ಎಂದು ಆಡಿಕೊಂಡವರು ಎಷ್ಟೋ ಜನ. ಮೂವತ್ತು ನಲವತ್ತು ವರ್ಷ ಒಲೆಯ ಮುಂದೆ ಕೂತವಳು ಸುಮ್ಮನೆ ತಿರುಗಿದರೆ ಏನು ತಪ್ಪು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮತ್ತೆ ಅಮ್ಮನ ಬತ್ತಿಗೆ ಬರುತ್ತೇನೆ. ಲಕ್ಷಬತ್ತಿ ಹೊಸೆಯುವುದು ಚಾತುರ್ಮಾಸ್ಯದ ದಿನಗಳ ಹಳೆಯ ಹರಕೆ. ಅಮ್ಮ ಜಗಲಿಯ ಬಾಗಿಲ ಬುಡದಲ್ಲಿ, ಬೆಳಕು ಬೀಳುವ ಜಾಗದಲ್ಲಿ, ಮಣೆ ಹಾಕಿಕೊಂಡು ಕೂರುತ್ತಾಳೆ. ಹತ್ತಿಯ ಬೀಜ ಬಿಡಿಸಿ, ಎಳೆ ಹಿಂಜಿ, ಬೆರಳ ತುದಿಗೆ ಚೂರು ವಿಭೂತಿ ಮುಟ್ಟಿಸಿಕೊಂಡು ಹೊಸೆಯುತ್ತಾಳೆ. ಮಳೆಗಾಲದ ಥಂಡಿಗೆ ಹತ್ತಿ ಹಸಿಯಾಗಿ ಬೆರಳಿಗೆ ಅಂಟುತ್ತದೆ, ಅದಕ್ಕೆ ಬಚ್ಚಲ ಒಲೆಯ ಪಕ್ಕ ಬುಟ್ಟಿಯಲ್ಲಿಟ್ಟು ಬೆಚ್ಚಗೆ ಮಾಡಿಕೊಂಡಿರುತ್ತಾಳೆ. ನೂರಾದ ಕೂಡಲೇ ಒಂದು ಕಟ್ಟು. ಕಟ್ಟುಗಳು ಹಳೆಯ ಹಾರ್ಲಿಕ್ಸ್ ಡಬ್ಬಿಗೆ ಹೋಗುತ್ತವೆ. ಹತ್ತು ಕಟ್ಟಿಗೆ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಒಂದು ಗೀಟು.

ಹವ್ಯಾಸ ಬೆಳೆಸಿಕೊಳ್ಳಿ ಎಂದು ಪತ್ರಿಕೆಗಳ ಆರೋಗ್ಯ ಪುಟಗಳು ಹೇಳುತ್ತವಲ್ಲ, ಆ ಹವ್ಯಾಸಕ್ಕೂ ಇದಕ್ಕೂ ಅಜಗಜಾಂತರ. ಇಲ್ಲಿ ಲೆಕ್ಕವಿದೆ. ಇವತ್ತಿನದು ನಿನ್ನೆಯದರ ಮೇಲೆ ಕೂರುತ್ತದೆ. ಮುಗಿಯುವ ದಿನ ಇದೆ, ಮುಗಿದ ಮೇಲೆ ಅದನ್ನು ಕಾಯುತ್ತಿರುವ ದೇವಸ್ಥಾನ ಇದೆ. ಲಾಕ್‌ಡೌನಿನಲ್ಲಿ ನನ್ನ ಸಹೋದ್ಯೋಗಿಗಳು ಗಿಟಾರು ತರಿಸಿದರು, ಬ್ರೆಡ್ ಸುಟ್ಟರು, ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದರು. ನಾನೂ ಒಂದಕ್ಕೆ ಕಟ್ಟಿದ್ದೆ. ಮೂರನೇ ಪಾಠಕ್ಕೆ ನಿಂತಿತು. ಮಾಡದಿದ್ದರೆ ಯಾರಿಗೂ ಏನೂ ಆಗದಂಥ ಕೆಲಸ ಹೊತ್ತನ್ನು ಹೊರುವುದಿಲ್ಲ.

ಆಕಳು ಕೊಟ್ಟ ಮೇಲೆ

ಮಲೆನಾಡಿನ ಮನೆಗಳಲ್ಲಿ ಈಗ ನಡೆಯುತ್ತಿರುವುದನ್ನು ಹೇಳಲು ನನಗೆ ಗೊತ್ತಿರುವ ಒಂದೇ ಮನೆ ಸಾಕು. ನಮ್ಮ ಕೇರಿಯ ಒಬ್ಬ ಹಿರಿಯರು, ವಯಸ್ಸು ಎಂಬತ್ತರ ಹತ್ತಿರ. ಬೆಳಿಗ್ಗೆ ಆರಕ್ಕೆ ಹಾಲಿನ ಕ್ಯಾನು ಹಿಡಿದು, ಕೊಡೆ ಬಿಡಿಸಿ, ಒಂದು ಕಿಲೋಮೀಟರು ನಡೆದು ಡೇರಿಗೆ ಹಾಲು ಹಾಕುತ್ತಿದ್ದರು. ಎಂಥ ಪುಷ್ಯವಿರಲಿ, ತಪ್ಪಿಸುತ್ತಿರಲಿಲ್ಲ. ಆಕಳು ಮಳೆ ನೋಡಿ ಕರೆಸಿಕೊಳ್ಳುತ್ತದಾ ಎನ್ನುತ್ತಿದ್ದರು. ಡೇರಿಯಲ್ಲಿ ಫ್ಯಾಟು ನೋಡಿಸಿಕೊಳ್ಳುವ ಸಾಲಿನಲ್ಲಿ ಕಾಲು ಗಂಟೆ ನಿಲ್ಲಬೇಕು. ಊರಿನ ಅಷ್ಟೂ ಸುದ್ದಿ ಅಲ್ಲೇ ವಿಲೇವಾರಿ. ಯಾರಾದರೂ ಎರಡು ದಿನ ಬರಲಿಲ್ಲ ಎಂದರೆ ಮೂರನೇ ದಿನ ಅವರ ಮನೆಗೆ ಒಬ್ಬರು ಹೋಗಿ ನೋಡುತ್ತಿದ್ದರು.

ಮಕ್ಕಳು ಪರವೂರಿನಲ್ಲಿ ಚೆನ್ನಾಗಿದ್ದಾರೆ, ಅಪ್ಪನ ಮೇಲೆ ಪ್ರೀತಿಯೂ ಇದೆ. ಈ ವಯಸ್ಸಿನಲ್ಲಿ ಸಗಣಿ ಬಾಚುವುದು ಯಾಕೆ ಎಂದು ಆಕಳುಗಳನ್ನು ಬೇರೆಯವರಿಗೆ ಕೊಡಿಸಿಬಿಟ್ಟರು. ಪ್ಯಾಕೆಟ್ ಹಾಲು ಬಂತು. ದೊಡ್ಡ ಟಿವಿ ಬಂತು. ಮುಂದಿನ ಮಳೆಗಾಲದ ಹೊತ್ತಿಗೆ ಅವರು ಎಂಟಕ್ಕೆ ಏಳುತ್ತಿದ್ದರು. ಆಶ್ಲೇಷ ಬರುವಷ್ಟರಲ್ಲಿ ಹತ್ತಕ್ಕೆ. ಹಗಲಿಗೂ ರಾತ್ರಿಗೂ ಗಡಿ ಅಳಿಸಿಹೋಯಿತು. ಅವರನ್ನು ಮಾತಾಡಿಸಲು ಹೋದಾಗ ಇವತ್ತು ಯಾವ ವಾರ ಎಂದು ನನ್ನನ್ನೇ ಕೇಳಿದರು. ಮರೆವಿನ ರೋಗವಲ್ಲ ಅದು, ಡಾಕ್ಟರೇ ಹೇಳಿದ್ದಾರೆ. ವಾರಕ್ಕೂ ಅವರಿಗೂ ಏನೂ ಸಂಬಂಧ ಉಳಿದಿರಲಿಲ್ಲ, ಅಷ್ಟೆ.

ಮೈಯ ಗಡಿಯಾರ ನಡೆಯುವುದು ಬೆಳಗಿನ ಬೆಳಕು, ಊಟದ ಹೊತ್ತು, ಓಡಾಟ ಇವುಗಳ ಲೆಕ್ಕದಲ್ಲಿ. ಮೋಡ ಕವಿದ ಊರಿನಲ್ಲಿ, ಹೆಂಚಿನ ಮನೆಯ ನಡುಮನೆಯೊಳಗೆ ಕೂತವರಿಗೆ ಬೆಳಕಿನ ಸುಳಿವೇ ಸಿಗುವುದಿಲ್ಲ. ಆಕಳು ಆ ಕೊರತೆ ತುಂಬುತ್ತಿತ್ತು. ಬೆಳಿಗ್ಗೆ ಅಂಬಾ ಎಂದು ಎಬ್ಬಿಸುತ್ತಿತ್ತು, ಹೊರಗೆ ಕಳಿಸುತ್ತಿತ್ತು, ಜನರ ಮುಖ ತೋರಿಸುತ್ತಿತ್ತು. ವಯಸ್ಸಾದವರ ಕೈಯಿಂದ ಕೆಲಸ ಕಿತ್ತುಕೊಳ್ಳುವುದನ್ನು ನಾವು ವಿಶ್ರಾಂತಿ ಕೊಡುವುದು ಎಂದು ಕರೆಯುತ್ತೇವೆ. ಕಷ್ಟದ ಕೆಲಸ ಕಡಿಮೆ ಮಾಡಬೇಕು, ನಿಜ. ಮೂರು ಆಕಳಿದ್ದಲ್ಲಿ ಒಂದು ಸಾಕಿತ್ತು, ಸಗಣಿಗೆ ಆಳು ಇಡಬಹುದಿತ್ತು, ಡೇರಿಗೆ ಹೋಗುವುದನ್ನು ಅವರಿಗೇ ಬಿಡಬಹುದಿತ್ತು. ಅಷ್ಟು ಯೋಚನೆ ಮಾಡುವ ಪುರುಸೊತ್ತು ವೀಡಿಯೋ ಕಾಲಿನಲ್ಲಿ ಸಿಗುವುದಿಲ್ಲ.

2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ ಜನ ಇದ್ದರು, ನೂರಕ್ಕೆ ಒಂಬತ್ತಕ್ಕೂ ಹೆಚ್ಚು. ಆ ಅಂಕಿ ಈಗ ಬಹಳ ಹಳತು. ಮಲೆನಾಡಿನ ಯಾವ ಊರಿಗೆ ಹೋಗಿ ನಿಂತರೂ ಆ ಪ್ರಮಾಣ ತಲೆಕೆಳಗಾದಂತೆ ಕಾಣುತ್ತದೆ. ಹತ್ತು ಮನೆಯಲ್ಲಿ ಒಂದು ಮಗುವಿನ ಅಳು ಕೇಳಿದರೆ ಹೆಚ್ಚು.

ಹೊಸಿಲು ದಾಟಿ ಬರುತ್ತಿದ್ದವರು

ಮನೆ ಬಿಟ್ಟು ಹೊರಗೆ ಹೋಗಲಾಗದ ದಿನಗಳಲ್ಲಿ ಹೊರಗಿನವರು ಮನೆಗೆ ಬರಬೇಕು. ಹಳೆಯ ಏರ್ಪಾಡಿನ ಅತ್ಯಂತ ಜಾಣ ಭಾಗ ಇದೇ ಎಂದು ನನಗನ್ನಿಸುತ್ತದೆ.

ಕರಾವಳಿಯಲ್ಲಿ ಮೇ ಕೊನೆಯ ವಾರದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮತ್ತೆ ತಿರುಗಾಟ ದೀಪಾವಳಿ ಕಳೆದ ಮೇಲೆ. ನಡುವಿನ ಮಳೆಯಲ್ಲಿ ಐದಾರು ಕಲಾವಿದರ ಚಿಕ್ಕಮೇಳ ಸಂಜೆ ಹೊತ್ತು ಮನೆಯಿಂದ ಮನೆಗೆ ಹೋಗುತ್ತದೆ. ಚಾವಡಿಯಲ್ಲಿ ಹತ್ತು ಹದಿನೈದು ನಿಮಿಷದ ಒಂದು ತುಣುಕು, ಅಕ್ಕಿ-ಕಾಯಿ-ಕಾಣಿಕೆ, ಮತ್ತೆ ಮುಂದಿನ ಮನೆ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ನಲಿಕೆ ಸಮುದಾಯದವರು ಕಟ್ಟುವ ಆಟಿ ಕಳೆಂಜ ವೇಷದವನು ತಾಳೆಗರಿಯ ಕೊಡೆ ತಿರುಗಿಸುತ್ತ ಅಂಗಳಕ್ಕೆ ಬಂದು ಊರ ಮಾರಿ ಕಳೆಯುತ್ತಾನೆ. ಕಲಾವಿದನಿಗೆ ದುಡಿಮೆಯಿಲ್ಲದ ಕಾಲ, ಮನೆಯವರಿಗೆ ಜನರಿಲ್ಲದ ಕಾಲ. ಎರಡು ಕೊರತೆಯನ್ನು ಒಂದಕ್ಕೊಂದು ಕಟ್ಟಿದವರು ಯಾರೋ, ಲೆಕ್ಕ ಬಲ್ಲವರು. ಅದರ ಬೆನ್ನಿಗೆ ಜಾತಿಯ ಹೊರೆಯೂ ಇತ್ತು. ಜಡಿಮಳೆಯಲ್ಲಿ ನೆನೆದು ಬಂದವನು ಅಂಗಳದಲ್ಲೇ ಕುಣಿದು ಅಂಗಳದಿಂದಲೇ ಅಕ್ಕಿ ಪಡೆದು ಹೋಗುತ್ತಿದ್ದ, ಬೆಚ್ಚಗಿನ ಜಗಲಿ ಅವನದಾಗಿರಲಿಲ್ಲ. ಇದನ್ನು ಬಿಟ್ಟು ಹಳೆಯದನ್ನು ಹೊಗಳಿದರೆ ಅರ್ಧ ಸುಳ್ಳು ಹೇಳಿದಂತೆ.

ಘಟ್ಟದ ಮೇಲೂ ಕೆಳಗೂ ತಾಳಮದ್ದಳೆ ಇತ್ತು. ವೇಷ ಬೇಡ, ಕುಣಿತ ಬೇಡ, ರಂಗಸ್ಥಳ ಬೇಡ. ಒಬ್ಬ ಭಾಗವತ, ಒಂದು ಮದ್ದಳೆ, ಎದುರುಬದುರು ಕೂತು ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು. ಬಾಣ ಹೊಡೆದ ರಾಮನಿಗೂ ಬಾಣ ತಿಂದ ವಾಲಿಗೂ ವಾದ ಹತ್ತಿದರೆ ಹೆಂಚಿನ ಮೇಲಿನ ಮಳೆ ಕಿವಿಗೇ ಬೀಳುತ್ತಿರಲಿಲ್ಲ. ಮಳೆಯಲ್ಲಿ ಮಾತಿಗೆ ಬರ ಬರುತ್ತದೆ ಎಂದು ಗೊತ್ತಿದ್ದವರು ಮಾತನ್ನೇ ಆಟ ಮಾಡಿಕೊಂಡಿದ್ದರು. ಲಾಕ್‌ಡೌನಿನಲ್ಲಿ ತಾಳಮದ್ದಳೆ ಯೂಟ್ಯೂಬಿಗೆ ಹೋಯಿತು. ಕೇಳಲು ಚೆನ್ನಾಗಿಯೇ ಇತ್ತು, ಕೇಳಿದ ಮೇಲೆ ಜಗಳ ಆಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ತುಳುನಾಡಿನ ಚೆನ್ನೆಮಣೆ ಆಟದ ನಿಯಮವೂ ಕುತೂಹಲದ್ದು. ಎರಡು ಸಾಲಿನಲ್ಲಿ ಏಳೇಳು ಗುಳಿ, ಮಂಜೊಟ್ಟಿ ಬೀಜ. ಆಟಿಯಲ್ಲಿ ಆಡಬೇಕು, ಆಟಿ ಕಳೆದ ಮೇಲೆ ಮಣೆ ಅಟ್ಟಕ್ಕೆ. ಅಕಾಲದಲ್ಲಿ ಆಡಿದರೆ ಒಳ್ಳೆಯದಲ್ಲ ಎಂದು ಹೆದರಿಸುತ್ತಿದ್ದರು. ಮೂಢನಂಬಿಕೆ ಎಂದು ತಳ್ಳಿಬಿಡಬಹುದು. ಆದರೆ ಹನ್ನೊಂದು ತಿಂಗಳು ಕೈಗೆ ಸಿಗದ ಆಟ ಹನ್ನೆರಡನೆಯ ತಿಂಗಳು ಎಷ್ಟು ರುಚಿಸಿರಬೇಕು ಯೋಚಿಸಿ. ಮುನ್ನೂರ ಅರವತ್ತೈದು ದಿನವೂ ಅಂಗೈಯಲ್ಲೇ ಇರುವ ರೀಲ್ಸಿಗೆ ಮಳೆಗಾಲವೂ ಇಲ್ಲ, ಬೇಸಿಗೆಯೂ ಇಲ್ಲ.

ಇನ್ನೊಬ್ಬ ಬರುತ್ತಿದ್ದವನು ಪೋಸ್ಟಿನವನು. ಸಂಧ್ಯಾ ಸುರಕ್ಷಾ, ವಿಧವಾ ವೇತನದ ದುಡ್ಡು ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲದಲ್ಲಿ ಆತ ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬರಲೇಬೇಕಿತ್ತು. ಕೈಗೆ ದುಡ್ಡು ಎಣಿಸಿ, ಹೆಬ್ಬೆಟ್ಟು ಒತ್ತಿಸಿ, ಒಂದು ಲೋಟ ಮಜ್ಜಿಗೆ ಕುಡಿದು, ಅಜ್ಜಿಯ ಕಾಲುನೋವು ಕೇಳಿ ಹೋಗುತ್ತಿದ್ದ. ನಡುವೆ ದುಡ್ಡು ಹೊಡೆಯುವವರೂ ಇದ್ದರು, ಅದಕ್ಕೆ ದುಡ್ಡು ಈಗ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುತ್ತದೆ. ಸೋರಿಕೆ ತಡೆಯಲು ಸರಿಯಾದ ಕ್ರಮ. ಅದರ ಜೊತೆಗೆ ತಿಂಗಳಿಗೊಂದು ಭೇಟಿಯೂ ಹೋಯಿತು. ಆ ನಷ್ಟವನ್ನು ಬರೆದುಕೊಳ್ಳಲು ಯಾವ ಲೆಡ್ಜರಿನಲ್ಲೂ ಕಾಲಂ ಇಲ್ಲ.

ಸಂಕ, ತಂತಿ, ಬಸ್ಸು

ಮನೆಯಲ್ಲಿ ಕೂತವರ ಮನಸ್ಸಿನ ಬಗ್ಗೆ ಬರೆಯುತ್ತ ಸಂಕದ ಮಾತು ಯಾಕೆ ಎಂದು ಕೇಳಬಹುದು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕ ದಾಟುವಾಗ ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ಎರಡು ಅಡಿಕೆ ಮರದ ಮೇಲೆ ನಿಂತ ಅಂಥ ಸಂಕಗಳು ಮಲೆನಾಡು-ಕರಾವಳಿಯಲ್ಲಿ ಇನ್ನೂ ಬೇಕಾದಷ್ಟಿವೆ. ಹಾಗೆ ಪ್ರಾಣ ಹೋದಾಗ ಸುದ್ದಿಯಾಗುತ್ತದೆ. ಸಂಕ ದಾಟಲು ಹೆದರಿ ಎರಡು ತಿಂಗಳು ಯಾರ ಮನೆಗೂ ಹೋಗದೆ ಕೂತ ಮುದುಕಿ ಸುದ್ದಿಯಾಗುವುದಿಲ್ಲ. ಕೈಹಿಡಿ ಇರುವ ಒಂದು ಸಿಮೆಂಟಿನ ಕಾಲುಸಂಕ ಹತ್ತು ಆಪ್ತಸಮಾಲೋಚನೆಗೆ ಸಮ ಎಂದರೆ ನನಗೆ ಅತಿಶಯೋಕ್ತಿ ಅನ್ನಿಸುವುದಿಲ್ಲ. ಬಸ್ಸಿನದ್ದೂ ಅದೇ ಕತೆ. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಶಿವಮೊಗ್ಗ, ಉಡುಪಿ, ದಕ್ಷಿಣ ಕನ್ನಡದ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಮಳೆಗೆ ಧರೆ ಕುಸಿದರೆ ಅದೂ ಇಲ್ಲ.

ಕರೆಂಟು ಮತ್ತು ಟವರಿನದು ಇನ್ನೊಂದು ರಗಳೆ. ಒಂದು ಮರ ತಂತಿಯ ಮೇಲೆ ಬಿದ್ದರೆ ಮನೆಯ ದೀಪ ಹೋಗುತ್ತದೆ, ತುಸು ಹೊತ್ತಿಗೆ ಟವರಿನ ಬ್ಯಾಟರಿಯೂ ಹೋಗುತ್ತದೆ. ಮಕ್ಕಳು ಊರಲ್ಲಿಲ್ಲದ ಮನೆಗೆ ಫೋನೇ ಆಸರೆ ಎಂದು ನಾವು ನಂಬಿಕೊಂಡಿದ್ದೇವೆ. ಆ ಆಸರೆ ಕೈಕೊಡುವುದು ಬೇಕೇ ಬೇಕು ಎನ್ನುವ ದಿನಗಳಲ್ಲೇ. 2020ರ ಲಾಕ್‌ಡೌನ್ ಸಡಿಲವಾದ ಮೇಲೆ ಎರಡು ಮಳೆಗಾಲ ನಾನು ಊರಿನ ಮನೆಯಲ್ಲೇ ಕೂತು ಕೆಲಸ ಮಾಡಿದೆ. ಕೂತದ್ದು ಮನೆಯಲ್ಲಲ್ಲ, ಹಿಂದಿನ ಗುಡ್ಡದ ನೆತ್ತಿಯಲ್ಲಿ, ನಾಲ್ಕು ಗಳ ನೆಟ್ಟು ತಾಡಪಾಲು ಕಟ್ಟಿಕೊಂಡು. ಆನ್‌ಲೈನ್ ಕ್ಲಾಸಿಗೆಂದು ಕೇರಿಯ ಮೂರು ಹುಡುಗರೂ ಅಲ್ಲಿಗೇ ಬರುತ್ತಿದ್ದರು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ದೇಶವೆಲ್ಲ ಸುತ್ತಿತಲ್ಲ, ಅದನ್ನು ನೋಡಿ ನಮ್ಮ ಗುಡ್ಡದಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ಮಧ್ಯಾಹ್ನ ಗುಡ್ಡದಿಂದ ಇಳಿದು ಅಮ್ಮನ ಜೊತೆ ಕೂತು ಉಣ್ಣುತ್ತಿದ್ದೆ. ಆ ಎರಡು ವರ್ಷ ಆಕೆಗೆ ನಿದ್ದೆಯ ಗುಳಿಗೆ ಬೇಕಾಗಲಿಲ್ಲ. ಆಮೇಲೆ ಆಫೀಸಿನವರು ಕರೆದರು, ಹೊರಟೆ.

ಇಷ್ಟೆಲ್ಲ ಏರ್ಪಾಡು ಇದ್ದೂ ಕೆಲವರ ಮನಸ್ಸು ಕುಸಿಯುತ್ತದೆ. ಊಟ ಬಿಡುವುದು, ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಇನ್ನು ಸಾಕು ಎನ್ನುವ ಮಾತು ಮತ್ತೆ ಮತ್ತೆ ಬರುವುದು, ಇವು ಬೇಸರದ ಲಕ್ಷಣಗಳಲ್ಲ, ಕಾಯಿಲೆಯವು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ, ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಟವರು ಇದ್ದರೆ.

ಅದಕ್ಕೇ ಕಳೆದ ಬೇಸಿಗೆಯಲ್ಲಿ ಮನೆಗೆ ಸಣ್ಣದೊಂದು ಸೋಲಾರ್ ಹಾಕಿಸಿದೆ. ಎರಡು ಬಲ್ಬು, ಒಂದು ಫ್ಯಾನು, ಫೋನ್ ಚಾರ್ಜು. ಅಮ್ಮನ ಮೊಬೈಲ್ ಇನ್ನು ಹಗಲಿಡೀ ಆನ್ ಇರುತ್ತದೆ, ನನಗೆ ನೆಮ್ಮದಿ ಎಂಬ ಲೆಕ್ಕ. ಪುಷ್ಯ ಮಳೆಯಲ್ಲಿ ಊರಿಗೇ ಕರೆಂಟು ಹೋದ ನಾಲ್ಕನೇ ದಿನ ಮಧ್ಯಾಹ್ನ ಫೋನು ಮಾಡಿದೆ. ಟವರು ಹೇಗೋ ಜೀವ ಹಿಡಿದಿತ್ತು. ಹಿಂದೆ ಒಂದು ಸಂತೆಯ ಗದ್ದಲ. ಬತ್ತಿ ಎಷ್ಟಾಯಿತು ಎಂದು ಕೇಳಿದೆ.

“ಎಲ್ಲಿ ಬತ್ತಿ? ಕೇರಿಯವೆಲ್ಲ ಫೋನ್ ಚಾರ್ಜಿಗೆ ಹಾಕಲೆ ಇಲ್ಲಿಗೇ ಬತ್ತ. ಸಂಕದ ಮೇಲೆ ಹಗ್ಗ ಕಟ್ಟಿಕ್ಯಂಡು ಬಂಜ. ಚಾರ್ಜ್ ಆಗವರಿಗೆ ಕೂತ್ಗತ್ತ. ಚಾಪುಡಿ ಖಾಲಿ ಆತು, ಬಪ್ಪಕಾರೆ ತಗಂಬಾ.”